ತೂಕದ ಸಾಹೇಬರು ಯಂತ್ರ ಸರಿಪಡಿಸಿದ್ದು

"ಒಂದೇ ತಿಂಗಳು! ಎಂಬತ್ತೈದು ಕಿಲೋಗೆ ಇಳಿಯದಿದ್ದರೆ ನನ್ನ ಹೆಸರು ಬದಲಾಯಿಸಿ ಕರಿ!" ಎಂದು ತೂಕದ ಸಾಹೇಬರು ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಘೋಷಿಸಿದರು.

"ಹೆಸರು ಹಾಗೇ ಇರಲಿ, ಲೋಟ ಒಡೀಬೇಡಿ," ಎಂದಳು ಹೆಂಡತಿ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಇಪ್ಪತ್ತೆರಡು ವರ್ಷಗಳಿಂದ ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿ ಪರೀಕ್ಷಿಸುತ್ತ ಬಂದವರು. ಅವರ ಜೀಪಿನ ಸದ್ದು ಕೇಳಿದರೆ ಸಾಕು, ತಟ್ಟೆಯ ಅಂಚು ಒತ್ತಿ ಹಿಡಿದಿದ್ದ ಅಂಗಡಿಯವರ ಹೆಬ್ಬೆರಳು ತಾನಾಗಿ ಮೇಲೇಳುತ್ತಿತ್ತು! ಈಗ ಇಲಾಖೆ ಹೊಸ ಆದೇಶ ಹೊರಡಿಸಿತ್ತು: ವರ್ಷದ ಆರೋಗ್ಯ ತಪಾಸಣೆಯಲ್ಲಿ ತೊಂಬತ್ತು ಕಿಲೋ ದಾಟಿದವರಿಗೆ ಜೀಪಿಲ್ಲ, ತಪಾಸಣೆಯಿಲ್ಲ. ಅವರು ದಾಖಲೆ ಕೋಣೆಯಲ್ಲಿ ಹಳೇ ಕಡತಗಳ ಧೂಳು ಒರೆಸಿಕೊಂಡಿರಬೇಕು. ಜೀಪಿಲ್ಲದ ಸಾಹೇಬರೆಂದರೆ ಹಲ್ಲು ಕಿತ್ತ ಹಾವು. ಅದನ್ನು ನೆನೆದೇ ಈ ಘೋಷಣೆ.

ಹಾಗೆಂದು ತಾವು ದಪ್ಪ ಎಂದು ಅವರು ಒಪ್ಪಿಕೊಂಡಿದ್ದರೇ? ಶಾಂತಂ ಪಾಪಂ! ದಪ್ಪಗಿರುವವನು ಎದುರುಮನೆಯವನು. ಊದಿಕೊಂಡಿರುವವನು ಆಫೀಸಿನ ಗುಮಾಸ್ತ. ತಾವು ಮಾತ್ರ ಮೈಕೈ ತುಂಬಿಕೊಂಡವರು. ಅವರದು ಮೂಳೆಯ ತೂಕ. ಮುಂದಕ್ಕೆ ಬಂದಿರುವ ಆ ಹೊಟ್ಟೆ? ಅದು ಗ್ಯಾಸು.

ಮರುದಿನವೇ ಮನೆಗೆ ತೂಕದ ಯಂತ್ರ ಬಂತು. ಮುಳ್ಳು ತಿರುಗುವ, ಒಳಗೆ ಸ್ಪ್ರಿಂಗ್ ಇರುವ ಜಾತಿಯದು. ಸಾಹೇಬರು ಗಂಭೀರವಾಗಿ ಹತ್ತಿ ನಿಂತರು. ಮುಳ್ಳು ನಡುಗಿ, ತಡವರಿಸಿ, ತೊಂಬತ್ತೆಂಟರಲ್ಲಿ ನಿಂತಿತು.

"ಮೋಸ!" ಎಂದು ಅಂಗಡಿಗಳಲ್ಲಿ ಕೂಗುವ ಅದೇ ಗಂಟಲಿನಲ್ಲಿ ಕೂಗಿದರು. "ಹೋದ ವರ್ಷದ ಸರ್ಟಿಫಿಕೇಟಿನಲ್ಲಿ ನಾನು ಎಂಬತ್ತೊಂಬತ್ತು. ಸರ್ಕಾರಿ ಮೊಹರು ಬಿದ್ದಿದೆ. ಈ ಯಂತ್ರ ನಿನ್ನೆ ಮೊನ್ನೆ ಹುಟ್ಟಿದ್ದು. ಯಾವುದನ್ನ ನಂಬಬೇಕು?"

"ಕನ್ನಡೀನ," ಎಂದಳು ಹೆಂಡತಿ.

ಸಾಹೇಬರು ಕೇಳಿಸಿಕೊಳ್ಳಲಿಲ್ಲ. ಅಂಗಡಿಯ ತಕ್ಕಡಿ ಸರಿಯಿದೆಯೇ ಎಂದು ನೋಡಲು ಇಲಾಖೆಯ ಮುದ್ರೆ ಬಿದ್ದ ಕಬ್ಬಿಣದ ತೂಕದ ಕಲ್ಲು ಇಡುತ್ತಾರಲ್ಲ, ಇಲ್ಲಿ ಆ ಕಲ್ಲಿನ ಜಾಗದಲ್ಲಿ ಸಾಹೇಬರು ತಾವೇ ನಿಂತರು! ಮುದ್ರೆ ಬಿದ್ದ ಎಂಬತ್ತೊಂಬತ್ತು ಕಿಲೋ! ಬಗ್ಗಿ ಮುಳ್ಳು ಹೊಂದಿಸುವ ತಿರುಪು ತಿರುಗಿಸಲು ಗ್ಯಾಸು ಅಡ್ಡ ಬಂದಿದ್ದರಿಂದ ಸ್ಕ್ರೂಡ್ರೈವರನ್ನು ಹೆಂಡತಿಯ ಕೈಗೆ ಕೊಟ್ಟರು.

"ಎಂಬತ್ತೊಂಬತ್ತಕ್ಕೆ ಬರೋವರೆಗೂ ತಿರುಗಿಸು."

ತಿರುಗಿಸಿದಳು. ಸಾಹೇಬರು ಇಳಿದರು. ಮುಳ್ಳು ಸೊನ್ನೆಯನ್ನೂ ದಾಟಿ ಹಿಂದಕ್ಕೆ ಹೋಗಿ ನಿಂತಿತು.

"ರೀ, ಯಾರೂ ಹತ್ತದೇ ಇದ್ದಾಗ ಇದು ಸೊನ್ನೆಗಿಂತ ಹಿಂದೆ ನಿಲ್ಲುತ್ತಲ್ಲ?"

"ವಿಶ್ರಾಂತಿ ತಗೊಳ್ತಿದೆ. ನೀನು ನಿನ್ನ ಕೆಲಸ ನೋಡು!"

ಇನ್ನು ಪಥ್ಯ. ಸಾಹೇಬರು ಊಟಕ್ಕೆ ಮುಂಚೆ 'ಕೊಬ್ಬು ಕಡಿಮೆ' ಎಂದು ಬರೆದ ಬಿಸ್ಕತ್ತಿನ ಪೊಟ್ಟಣ ತರಿಸಿದರು. ಪೊಟ್ಟಣದ ಮೇಲೆ ಏನೇನೋ ಅಚ್ಚಾಗಿತ್ತು. ಆದರೆ ಇಪ್ಪತ್ತೆರಡು ವರ್ಷ ಪಳಗಿದ ಕಣ್ಣು ಹುಡುಕಿದ್ದು ಒಂದೇ ಸಾಲು: ನಿವ್ವಳ ತೂಕ. ಇನ್ನೂರು ಗ್ರಾಂ ಎಂದಿದೆ, ಇದೆಯೇ? ತೂಗಿ ನೋಡಿದರು. ಇತ್ತು. ಪ್ರಾಮಾಣಿಕ ಕಂಪನಿ ಎಂದು ಮೆಚ್ಚಿ ಇನ್ನೂರು ಗ್ರಾಮನ್ನೂ ಮುಗಿಸಿದರು.

"ಇದು ಊಟದ ಬದಲಿಗೋ, ಊಟದ ಜೊತೆಗೋ?"

"ಬದಲಿಗೆ ಕಣೇ! ಬೇಗ ಊಟ ಬಡಿಸು, ಹೊಟ್ಟೆ ಕಾಯ್ತಿದೆ."

ವಾಕಿಂಗೂ ಶುರುವಾಯಿತು. ಬೀದಿಯ ತುದಿಯ ಬೇಕರಿಯವರೆಗೆ ಹೋಗಿ, ಅಂಗಡಿಯವನ ತಕ್ಕಡಿ ನೋಡಿ, ಅವನು ಹೆದರಿ ಕೊಟ್ಟ ಕೇಕನ್ನು ಕರ್ತವ್ಯದ ದೃಷ್ಟಿಯಿಂದ ತಿಂದು ಬರುತ್ತಿದ್ದರು. ಭಾನುವಾರ ಯಂತ್ರ ಹತ್ತಿದರೆ ಮುಳ್ಳು ಒಂದು ಗೆರೆ ಮೇಲೆ!

"ಸ್ಪ್ರಿಂಗ್ ಸಡಿಲ ಆಗಿದೆ. ತಿರುಗಿಸು. ಇಷ್ಟೊಂದು ಕಷ್ಟ ಪಟ್ಟಿದ್ದೀನಿ, ಒಂದು ಕಿಲೋ ಆದ್ರೂ ಇಳಿದಿರಲೇಬೇಕು. ಆ ಲೆಕ್ಕ ಹಿಡಿದು ತಿರುಗಿಸು!"

ಹೀಗೆ ವಾರವಾರವೂ ತಿರುಪು ಬಿಗಿಯಾಯಿತು, ಪ್ಯಾಂಟೂ ಬಿಗಿಯಾಯಿತು. ನಾಲ್ಕನೆಯ ಭಾನುವಾರ ಮುಳ್ಳು ಎಂಬತ್ನಾಲ್ಕು ತೋರಿಸಿದಾಗ ಸಾಹೇಬರು ಇಡೀ ಕಟ್ಟಡಕ್ಕೆ ಕೇಳುವಂತೆ ಕುಣಿದರು.

ಕೇಳಿಸಿಕೊಂಡು ಮೊದಲು ಬಂದವರು ಮಹಡಿಯ ಟೀಚರಮ್ಮ. ಹತ್ತಿದರು, ನೋಡಿದರು, ಕಣ್ಣೊರೆಸಿಕೊಂಡರು. "ಎಂಟು ದಿನ ಸಕ್ಕರೆ ಬಿಟ್ಟಿದ್ದಕ್ಕೆ ಹದಿನೇಳು ಕಿಲೋ!" ಎಂದು ಅಂದೇ ಸಕ್ಕರೆ ಡಬ್ಬಿ ಮತ್ತೆ ತೆರೆದರು. ಆಮೇಲೆ ಎದುರುಮನೆಯವನು, ಅವನ ಅತ್ತೆ, ಪಕ್ಕದ ದರ್ಜಿ. ಬೆಳಗಾದರೆ ಬಾಗಿಲಲ್ಲಿ ಸಾಲು! ಒಬ್ಬರೂ ಯಂತ್ರ ತಪ್ಪು ಎನ್ನಲಿಲ್ಲ. ಅಂಗಡಿಯಲ್ಲಿ ಹತ್ತು ಗ್ರಾಂ ಹೆಚ್ಚುಕಡಿಮೆಯಾದರೆ ಬೀದಿ ರಂಪ ಮಾಡುವ ಇದೇ ಜನ, ಇಲ್ಲಿ ಹದಿನೇಳು ಕಿಲೋ ಮಾಯವಾದರೂ ಕೈಮುಗಿದು ಹೋಗುತ್ತಿದ್ದರು.

ತಪಾಸಣೆಯ ದಿನ ಸಾಹೇಬರು ಗೆದ್ದವರಂತೆ ಇಲಾಖೆಯ ಡಾಕ್ಟರ ಕೋಣೆಗೆ ನಡೆದರು.

"ನೂರಾ ಒಂದು," ಎಂದರು ಡಾಕ್ಟರು.

"ಯಂತ್ರ ತಪ್ಪು!"

"ಇದರಲ್ಲೇ ದಿನಾ ರೋಗಿಗಳನ್ನ ತೂಗ್ತೀನಿ ಸ್ವಾಮಿ."

"ಅಂದ್ರೆ ದಿನಾ ಮೋಸ!" ಎಂದವರೇ ಚೀಲದಿಂದ ತಂತಿ, ಸೀಸ, ಅರಗು ತೆಗೆದು ಡಾಕ್ಟರ ಯಂತ್ರಕ್ಕೆ ಸೀಲು ಜಡಿದುಬಿಟ್ಟರು! ಹೊರಗೆ ಸಾಲಿನಲ್ಲಿದ್ದ ರೋಗಿಗಳೆಲ್ಲ ಬಾಗಿಲಿಗೆ ಮುತ್ತಿಕೊಂಡರು.

ಸೀಲು ಬಿದ್ದ ಮೇಲೆ ಪಂಚರ ಮುಂದೆ ಪರೀಕ್ಷೆ ಆಗಲೇಬೇಕು. ಮೇಲಧಿಕಾರಿ ಮೇಡಂ ಬಂದರು. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಇಪ್ಪತ್ತು ಕಿಲೋದ ಐದು ಕಬ್ಬಿಣದ ಕಲ್ಲುಗಳನ್ನು ಡಾಕ್ಟರ ಯಂತ್ರದ ಮೇಲಿಡಿಸಿದರು. ಮುಳ್ಳು ನೂರರಲ್ಲಿ ಅಲ್ಲಾಡದೆ ನಿಂತಿತು.

"ನಿಮ್ಮ ಮನೇದು ತರಿಸಿ."

ಹೆಂಡತಿ ಯಂತ್ರ ಹೊತ್ತು ತಂದಳು. ಅದರ ಹಿಂದೆಯೇ ಕಟ್ಟಡದ ಮಂದಿಯೂ ಬಂದರು. ಅದೇ ಐದು ಕಲ್ಲು ಇಟ್ಟರು. ಎಂಬತ್ಮೂರು!

ಸಾಹೇಬರಿಗೆ ಜೀಪು ಕಣ್ಣೆದುರೇ ದೂರ ದೂರ ಹೋಗುತ್ತಿರುವಂತೆ ಕಂಡು ಅಳುವೇ ಬಂತು.

"ನಾಳೆಯಿಂದ ದಾಖಲೆ ಕೋಣೆ. ಮೂರನೇ ಮಹಡಿ, ಲಿಫ್ಟ್ ಇಲ್ಲ," ಎಂದರು ಮೇಡಂ. "ಇವತ್ತಿಗೆ ಈ ಏರಿಯಾ ಇನ್ನೂ ನಿಮ್ಮದೇ. ಕಳ್ಳ ಯಂತ್ರ ಸಿಕ್ಕಿದೆ. ಮಹಜರು ಬರೀರಿ."

ಸಾವಿರಾರು ಮಹಜರು ಬರೆದವರು ಅಂದೂ ಪೆನ್ನು ಹಿಡಿದು ಕೂತರು. 'ಮೋಸ ಮಾಡಿದವರು' ಎಂಬಲ್ಲಿ ತಮ್ಮ ಹೆಸರು ಬರೆದರು. ಮುಂದಿನ ಸಾಲು: 'ಮೋಸ ಹೋದವರು'. ಸಾಹೇಬರು ಆಸೆಯಿಂದ ನೆರೆಹೊರೆಯವರತ್ತ ನೋಡಿದರು.

"ನಮಗೇನೂ ಮೋಸ ಆಗಿಲ್ಲಪ್ಪ!" ಎಂದರು ಟೀಚರಮ್ಮ. "ದಯವಿಟ್ಟು ಅದನ್ನ ರಿಪೇರಿ ಮಾಡ್ಬೇಡಿ. ಹಾಗೇ ವಾಪಸ್ ಕೊಡಿ!"

ಎಲ್ಲರೂ ತಲೆಯಾಡಿಸಿದರು. ಬೇರೆ ದಾರಿಯಿಲ್ಲದೆ ಸಾಹೇಬರು ಆ ಸಾಲಿನಲ್ಲೂ ತಮ್ಮ ಹೆಸರನ್ನೇ ಬರೆದರು.

ಮೇಡಂ ಕಾಗದವನ್ನು ಹೆಂಡತಿಯತ್ತ ಸರಿಸಿದರು. "ಸಾಕ್ಷಿ ನೀವು. ನೋಡಿದ್ದನ್ನ ಈ ಗೆರೆ ಮೇಲೆ ಬರೆದು ಸಹಿ ಹಾಕಿ."

ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಕುರ್ಚಿ ಎಳೆದುಕೊಂಡು ಕೂತಳು. ಪೆನ್ನಿನ ಮುಚ್ಚಳ ತೆಗೆದು ಕೇಳಿದಳು:

"ಒಂದು ಗೆರೇಲಿ ಹೇಗೆ ಹಿಡಿಸುತ್ತೆ ಮೇಡಂ? ಮದುವೆಯಾದ ಹದಿನೆಂಟು ವರ್ಷದ್ದಿದೆ. ಒಂದು ದಸ್ತು ಹಾಳೆ ತರಿಸಿ."