ಸಾಹೇಬರು ಮಾವನಾದದ್ದು

ತಕ್ಕಡಿಗೆ ಏರದ ಸರಕನ್ನು ಮಾರಲು ಹೋಗಬೇಡಿ. ಇದು ನನ್ನ ಸಲಹೆ. ಪುಕ್ಕಟೆ ಎಂದು ಮೊದಲೇ ಹೇಳಿಬಿಡುತ್ತೇನೆ, ಹೇಗೂ ಯಾರೂ ಕಾಸು ಕೊಡುವವರಲ್ಲ. ಮೆಣಸಿನಕಾಯಿಯಾದರೆ ದುಡ್ಡು ಕೊಡದವನ ಚೀಲದಿಂದ ವಾಪಸು ಸುರಿದುಕೊಳ್ಳಬಹುದು. ಸಲಹೆ ಒಮ್ಮೆ ಕಿವಿಗೆ ಬಿದ್ದಮೇಲೆ ಆ ಕಿವಿ ಹಿಂಡಿದರೂ ಹೊರಗೆ ಬರುವುದಿಲ್ಲ. ಕೊಟ್ಟೂರಿನಲ್ಲಿ ಮುನ್ನೂರೆಂದ ಕಂಬಳಿಯನ್ನು ಅರ್ಧಕ್ಕೆ ಇಳಿಸಿ, ಮೇಲೊಂದು ಟವೆಲ್ಲು ಹಾಕಿಸಿಕೊಂಡು ಬಂದವನು ನಾನು. ಅಂಥವನು ಈ ದಂಧೆಗೆ ಯಾಕೆ ಇಳಿದೆನೋ.

ದಂಧೆ ಎಂದರೆ, ಹಿಟ್ಟಿನ ಗಿರಣಿ, ಮಂಡಕ್ಕಿ ಭಟ್ಟಿ ಹಾಕುವವರಿಗೆ ಬ್ಯಾಂಕ್ ಸಾಲಕ್ಕಾಗಿ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು. ಯಾವ ಮೋಟರು, ಎಷ್ಟು ಕರೆಂಟು, ಎಷ್ಟು ಲಾಭ, ಎಲ್ಲ ನನ್ನ ತಲೆಯಿಂದ. ಹಡಗಲಿ, ಕೂಡ್ಲಿಗಿ ಓಡಾಟದ ಬಸ್‌ಚಾರ್ಜು ನನ್ನ ಜೇಬಿನಿಂದ. ಇಷ್ಟು ವರ್ಷಕ್ಕೆ ನಾನು ಕಲಿತದ್ದು ಒಂದೇ: ದುಡ್ಡು ದೂರವಾದಷ್ಟೂ ನೆಂಟಸ್ತಿಕೆ ಹತ್ತಿರವಾಗುತ್ತದೆ. ಅರ್ಜಿ ಹಾಕುವಾಗ ನಾನು ‘ಸಾಹೇಬ್ರು’. ಸಾಲ ಮಂಜೂರಾದಾಗ ‘ಅಣ್ಣಾರು’. ಫೀಸು ಕೇಳಿದ ದಿನದಿಂದ ‘ಮಾವಾರು’. ಮಾವ ಎಂದು ಕರೆದವನ ಮುಂದೆ ರಸೀದಿ ಪುಸ್ತಕ ತೆಗೆಯುವ ಎದೆಗಾರಿಕೆ ನಮ್ಮ ಕಡೆ ಇನ್ನೂ ಯಾರಿಗೂ ಬಂದಿಲ್ಲ.

ಹರಪನಹಳ್ಳಿಯ ಕೊಟ್ರಪ್ಪ ಇದರಲ್ಲಿ ಪಳಗಿದವನು. ಮೆಕ್ಕೆಜೋಳ ಬಿಡಿಸುವ ಅವನ ಮಷೀನು ನನ್ನ ರಿಪೋರ್ಟಿನ ಬಲದಿಂದಲೇ ಬಂದು ಗಡಗಡ ತಿರುಗುತ್ತಿತ್ತು. ನನ್ನ ಎರಡು ಸಾವಿರ ಮಾತ್ರ ಬಂದಿರಲಿಲ್ಲ. ಇತ್ತ ಬಿಲ್ಲು ಕಟ್ಟದ ನಮ್ಮ ಮನೆಯ ಫೋನನ್ನು ತಿಂಗಳ ಕೊನೆಗೆ ಕಡಿಯುತ್ತೇವೆ ಎಂದು ಟೆಲಿಫೋನಿನವರು ಹೇಳಿ ಹೋಗಿದ್ದರು. ಫೋನಿಲ್ಲದ ಸಲಹೆಗಾರನೆಂದರೆ ಗಂಟೆಯಿಲ್ಲದ ಐಸ್‌ಕ್ಯಾಂಡಿ ಸೈಕಲ್ಲು. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

“ಕಡದ್ರ ಛಲೋನ ಆತು ಬಿಡ್ರಿ,” ಎಂದಳು ಹೆಂಡತಿ. “ಪುಕ್ಕಟೆ ಕೇಳೋ ಮಂದಿನಾರ ಕಡಿಮಿ ಆಗ್ತಾರ.”

ಈ ಸಲ ಕೊಟ್ರಪ್ಪನ ಮನೆಯಲ್ಲಿ ತಿಂಡಿ ಏನೂ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಹೋದೆ. ಕೊಟ್ರಪ್ಪ, “ಬರ್ರಿ ಮಾವಾರ, ನೂರು ವರ್ಷ ಆಯುಷ್ಯ ನಿಮಗ, ಈಗ ನೆನಸಿದ್ವಿ,” ಎಂದು ಮಂಡಕ್ಕಿ ಮಿರ್ಚಿ ತರಿಸಿದ. ಫೀಸು ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಮಿರ್ಚಿ ಬಂತು. ಬಿಸಿ ಮಿರ್ಚಿ ಬಾಯಲ್ಲಿಟ್ಟುಕೊಂಡು ವಸೂಲಿ ಮಾಡಿದವರನ್ನು ನಾನು ಕಂಡಿಲ್ಲ. ನೀರು ಕುಡಿದು ಹೇಳಿದೆ:

“ಕೊಟ್ರಪ್ಪ, ಮಾವ ಗೀವ ಬ್ಯಾಡಪ. ನನ್ನ ರೊಕ್ಕ ಕೊಡು.”

“ಹಂಗಂದ್ರ ಹೆಂಗ್ರಿ? ಮುಂದಿನ ವಾರ ಮಗಳ ಮದುವಿ ಐತಿ. ಅಕಿಗೆ ನೀವ ಸೋದರಮಾವನ ಜಾಗದಾಗ ಅದೀರಿ. ನಿಮ್ಮ ಮುಯ್ಯಿನ ಮೊದಲ ಓದಸ್ಬೇಕಂತ ಮಾಡೀನಿ.”

ಮದುವೆಗೆ ಬಂದವರು ಕೊಡುವ ಮುಯ್ಯಿಯನ್ನು, ಯಾರಿಂದ ಎಷ್ಟು ಎಂದು ಮೈಕಿನಲ್ಲಿ ಓದುವುದು ನಮ್ಮ ವಾಡಿಕೆ. ಬಾಕಿ ಇಟ್ಟುಕೊಂಡವನೇ ನನ್ನಿಂದ ಉಡುಗೊರೆಯನ್ನೂ ಎದುರು ನೋಡುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಫೀಸಿನ ಬಾಕಿಯನ್ನೇ ಮುಯ್ಯಿ ಎಂದು ಓದಿಸಿದರೆ? ಬಾಕಿದಾರನೆಂದು ಬೀಗರೆದುರಿಗೆ ಮಾನ ಹೋಗುತ್ತದೆಂದು ಹೆದರಿ ಕೊಟ್ರಪ್ಪ ಅಲ್ಲೇ ಎಣಿಸಿ ಕೊಡುತ್ತಾನೆ. ಫೋನು ಉಳಿಯುತ್ತದೆ.

ಮದುವೆಯ ದಿನ ಮೈಕು ಹಿಡಿದವನ ಕಿವಿಯಲ್ಲಿ ಹೇಳಿದೆ. ಅವನು ಗಂಟಲು ಸರಿಮಾಡಿಕೊಂಡು ಓದಿದ: “ವಧುವಿನ ಸೋದರಮಾವನವರಿಂದ, ಮಷೀನಿನ ರಿಪೋರ್ಟ್ ಬರೆದುಕೊಟ್ಟ ಫೀಸಿನ ಬಾಕಿ, ರೂಪಾಯಿ ಎರಡು ಸಾವಿರ, ಮುಯ್ಯಿ.”

ಚಪ್ಪರವೆಲ್ಲ ಚಪ್ಪಾಳೆ. ನಾನು ಕೊಟ್ರಪ್ಪನ ಮುಖ ನೋಡಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಬಂದವನೇ ನನ್ನ ಕೈ ಹಿಡಿದ.

“ಒಡಹುಟ್ಟಿದೋರೂ ಇಷ್ಟು ಮಾಡಂಗಿಲ್ರಿ ಮಾವಾರ. ನಿಮ್ಮ ಮಗನ ಮದುವ್ಯಾಗ ಈ ಮುಯ್ಯಿ ತೀರಸ್ತೀನಿ, ಇದ ನನ್ನ ಮಾತು.”

ನನ್ನ ಮಗ ಆಗ ಶಾಲೆಯಲ್ಲಿ ಮೂರನೇ ಇಯತ್ತೆ.

ಊಟಕ್ಕೆ ಕೂತಾಗ ಹಲವಾಗಲು ಊರಿನವನೊಬ್ಬ ಪಕ್ಕಕ್ಕೆ ಬಂದು ಕೂತ. “ಮಾವಾರ, ನಮಗೂ ಒಂದು ಹಿಟ್ಟಿನ ಗಿರಣಿ ಹಾಕೋದೈತ್ರಿ,” ಎಂದು, ಸ್ವಲ್ಪ ಹತ್ತಿರ ಸರಿದು, “ನನಗೂ ಮಗಳದಾಳ್ರಿ,” ಎಂದ. ಸಾಹೇಬ್ರು, ಅಣ್ಣಾರು ಎರಡೂ ಮೆಟ್ಟಿಲು ಹಾರಿ ನೇರ ಮಾವನಿಗೇ ಬಂದಿದ್ದ. ಎದ್ದು ಬೇರೆ ಸಾಲಿಗೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಅವನು, ಹದಿನೈದು ಎಚ್‌.ಪಿ. ಮೋಟರು ಕೂರಿಸುತ್ತೇನೆ ಎಂದ. ತಪ್ಪು ಲೆಕ್ಕ ಕಿವಿಗೆ ಬಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

“ಹದಿನೈದು ಯಾಕಪ, ಹತ್ತು ಸಾಕಾಗ್ತೈತಿ, ಕೇಳಿಲ್ಲಿ,” ಎಂದು ಎಲೆ ಬಿಟ್ಟು ಅವನ ಕಡೆ ತಿರುಗಿ ಕೂತೆ.