ಬುಕ್ರಾ ಅಂದರೆ ಶುಕ್ರವಾರ ಅಲ್ಲ

ಸಣ್ಣ ವಿಮಾನ ಇದ್ದಲ್ಲಿ ಇಂಥ ತಮಾಷೆಗಳು ಆಗ್ತಾನೇ ಇರ್ತವೆ. ಹೆಂಡತಿ ತೀರಿದ ಮೇಲೆ ಮಾತಾಡಿಸಲು ಬಂದವರಿಗೆ ಇವನ್ನೇ ಹೇಳ್ತೇನೆ. ಬೇರೆ ಮಾತು ಬಾಯಿಗೆ ಬರುವುದಿಲ್ಲ.

೧. ಹಾಲಿನ ಪುಡಿ

ತೊಂಬತ್ತರ ದಶಕ. ಕತಾರಿನಲ್ಲಿ ನನ್ನ ಅರಬಿ ಯಜಮಾನ ಶೋಕಿಗೆ ಒಂದು ವಿಮಾನ ತಂದಿದ್ದ. ಎರಡೇ ಸೀಟು. ಅದರ ಮರಳು ಒರೆಸುವುದು, ತಳ್ಳುವುದು ನನ್ನ ಕೆಲಸ. ದೋಹಾದ ಹೊರಗೆ ಮುಐದರ್ ಅನ್ನುವ ಕಡೆ ನಾನು, ಹೆಂಡತಿ ಇದ್ದದ್ದು ಒಂದು ಕೋಣೆಯಲ್ಲಿ. ಪಕ್ಕದ ಕೋಣೆಯ ಬ್ಯಾರಿ ಅಕ್ಕ ಹಾಲಿನ ಪುಡಿಯ ಡಬ್ಬಿ ಹಿಡಿದು ಬಂದರು.

"ಅಣ್ಣಾ, ಮಂಗಳೂರಲ್ಲಿ ನನ್ನ ಉಮ್ಮನಿಗೆ ಕೊಡಿ. ವಿಮಾನ ನಿಮ್ಮ ಕೈಯಲ್ಲೇ ಉಂಟಲ್ಲ."

"ಅದು ಅಷ್ಟು ದೂರ ಹೋಗುವುದಿಲ್ಲ ಅಕ್ಕಾ."

ಅವರು ಡಬ್ಬಿಯನ್ನು ನನ್ನ ಕೈಗೇ ಇಟ್ಟರು. "ಹಾಗಾದ್ರೆ ದುಬೈಯಲ್ಲಿ ಇಳಿಸಿ. ಅಲ್ಲಿ ನನ್ನ ತಮ್ಮ ಇದ್ದಾನೆ."

೨. ಬುಕ್ರಾ

ನನ್ನ ಹೆಂಡತಿಗೆ ಒಮ್ಮೆ ಆ ವಿಮಾನದಲ್ಲಿ ಕೂರಬೇಕು ಅಂತ ಆಸೆ. ಅವಳು ನನ್ನ ಹತ್ತಿರ ಬೇರೆ ಏನೂ ಕೇಳಿದವಳಲ್ಲ. ಯಜಮಾನನನ್ನು ತಾನೇ ಕೈಸನ್ನೆಯಲ್ಲಿ ಕೇಳಿದಳು. ಅವನು ನಕ್ಕು "ಬುಕ್ರಾ" ಅಂದ. ಬುಕ್ರಾ ಅಂದರೆ ನಾಳೆ. ಇವಳಿಗೆ ಕೇಳಿದ್ದು ಶುಕ್ರ. ಶುಕ್ರವಾರ ರೇಷ್ಮೆ ಸೀರೆ ಉಟ್ಟು, ವಾಂತಿ ಬಂದರೆ ಇರಲಿ ಅಂತ ಲಿಂಬೆಹಣ್ಣು ಹಿಡಿದು, ಬಾಗಿಲಲ್ಲಿ ಕೂತಳು. ಯಾರೂ ಬರಲಿಲ್ಲ. ನಾನು ಅರ್ಥ ಹೇಳಿದೆ.

"ಹಾಗಾದ್ರೆ ನಾಳೆಯಾ?"

"ಅವರ ನಾಳೆ ಬರುವುದೇ ಇಲ್ಲ ಮಾರಾಯ್ತಿ."

"ಮತ್ತೆ ನನ್ನ ಶುಕ್ರವಾರವೇ ಒಳ್ಳೇದು. ವಾರಕ್ಕೊಮ್ಮೆ ಆದ್ರೂ ಬರ್ತದೆ."

೩. ಹಾರಿದ್ದು

ಕಡೆಗೂ ಒಂದು ದಿನ ಯಜಮಾನ "ಯಲ್ಲಾ" ಅಂತ ಕರೆದ. ಇವಳು ಹತ್ತಿದಳು. ಪಕ್ಕದ ಸೀಟಿಗೆ ಅವನು ಬಂದದ್ದೇ, ಇಳಿದಳು.

"ಪರ ಗಂಡಸಿನ ಜೊತೆ ನಾನು ಹೋಗುವುದಿಲ್ಲ. ಇವರು ಬರ್ಲಿ."

"ನಡೆಸುವವರು ಯಾರು?" ಅಂದೆ.

"ನೀವೇ. ಪಿಕಪ್ ಬಿಡ್ತೀರಲ್ಲ?"

ಯಜಮಾನನಿಗೆ ಬರುವ ಅರೆಬರೆ ಹಿಂದಿಯಲ್ಲಿ ನಾನು ವಿಷಯ ಹೇಳಿದೆ. ಯಜಮಾನ ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ, ಇಂಜಿನ್ ಹಾಕದೆ, ವಿಮಾನಕ್ಕೆ ಹಗ್ಗ ಕಟ್ಟಿ ಪಿಕಪ್ಪಿನಲ್ಲಿ ತಾನೇ ಎಳೆದ. ರನ್‌ವೇಯ ಆ ತುದಿಗೆ ಹೋಗಿ ಬಂದೆವು. ಚಕ್ರ ನೆಲ ಬಿಡಲಿಲ್ಲ. ಅವಳು ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು. ಆ ಹಿಡಿತ ಈಗಲೂ ಗೊತ್ತಾಗ್ತದೆ.

ಕೋಣೆಗೆ ಬಂದಾಗ ಬ್ಯಾರಿ ಅಕ್ಕ ಕಾಯುತ್ತಿದ್ದರು. "ಎಷ್ಟು ಮೇಲೆ ಹೋದ್ರಿ?"

ನಾನು ತಲೆ ತಗ್ಗಿಸಿದೆ. ಇವಳು ಸೀರೆಯ ಮರಳು ಕೊಡವುತ್ತಾ ಹೇಳಿದಳು:

"ಇವರಿಗೆ ತಲೆ ತಿರುಗ್ತದೆ ಅಕ್ಕಾ. ಮೇಲೆ ಹೋಗ್ಲಿಕ್ಕೆ ನಾನೇ ಬಿಡ್ಲಿಲ್ಲ."