ರೊಕ್ಕ ಕೊಟ್ಟರೂ ಅಳಿಯದ ವಾಟರ್‌ಮಾರ್ಕ್

ಅರ್ಧಕ್ಕೆ ಶಾಲೆ ಬಿಟ್ಟವರಲ್ಲಿ ಎರಡು ನಮೂನೆ. ಗೊತ್ತಿಲ್ಲದ್ದನ್ನು ಕಂಡಕಂಡವರನ್ನೆಲ್ಲ ಕೇಳುತ್ತ ಹೋಗುವವರು ಒಂದು ನಮೂನೆ. ಯಾರನ್ನೂ ಕೇಳದೆ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತುಬಿಡುವವರು ಇನ್ನೊಂದು ನಮೂನೆ. ನಾನು ಎರಡನೆಯವನು. ಮೂಡಲಗಿಯಲ್ಲಿ ನನ್ನ ವೆಲ್ಡಿಂಗ್ ಶಾಪ್ ನಿಂತಿರುವುದೇ ಈ ಗುಣದ ಮೇಲೆ. ಕಬ್ಬಿನ ಟ್ರ್ಯಾಲಿ, ಮನೆಯ ಗೇಟು, ಕಿಟಕಿಯ ಗ್ರಿಲ್ಲು ಯಾವುದನ್ನೂ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಕೈ ಸುಟ್ಟುಕೊಂಡು ಕಲಿತೆ. ಇದು ಬರಿ ಮಾತಲ್ಲ, ಬೇಕಾದರೆ ಮೊಣಕೈ ತೋರಿಸುತ್ತೇನೆ. ಹೀಗಿರುವಾಗ ಡ್ರೋನಿನಲ್ಲಿ ತೆಗೆದ ವಿಡಿಯೋ ಎಡಿಟ್ ಮಾಡುವುದು ದೊಡ್ಡ ವಿದ್ಯೆ ಎಂದರೆ ಹೇಗೆ ಒಪ್ಪಲಿ? ಬೇಡದ್ದನ್ನು ಕತ್ತರಿಸುವುದು, ಬೇಕಾದದ್ದನ್ನು ಜೋಡಿಸುವುದು, ಜೋಡಿಸಿದ ಜಾಗ ಕಾಣದಂತೆ ಉಜ್ಜುವುದು. ಹಗಲೆಲ್ಲ ನಾನು ಮಾಡುವುದು ಇದನ್ನೇ ತಾನೆ?

ಡ್ರೋನ್ ಕೊಂಡದ್ದು ಹುಚ್ಚಿಗೆ. ಗೋಕಾಕದಲ್ಲಿ ಒಂದು ಮದುವೆಗೆ ಹೋದಾಗ ಅದು ಗುಂಯ್ ಎಂದು ಪೆಂಡಾಲಿನ ಮೇಲೆ ಹಾರಿದ್ದನ್ನು ನೋಡಿ, ಊಟದ ರುಚಿಯೇ ಗೊತ್ತಾಗಲಿಲ್ಲ. ಹೆಂಡತಿ ಶೋಭಾ, "ಹಾರೂ ಕೆಲಸ ಹಕ್ಕಿಗೆ ಬಿಡ್ರಿ, ನಿಮಗ್ಯಾಕ ಬೇಕ" ಎಂದಳು. ಕೇಳಲಿಲ್ಲ. ಒಮ್ಮೆ ತುಕ್ಕಾನಟ್ಟಿಯಲ್ಲಿ ಗಿರಾಕಿಯೊಬ್ಬರ ಕಬ್ಬಿನ ಮೇಲೆ ಹಾರಿಸುತ್ತಿದ್ದೆ. ಪಕ್ಕದ ಹೊಲದ ಮುದುಕ ಓಡಿ ಬಂದು, ಹೊಲದ ಉತಾರ, ಅಂದರೆ ಪಹಣಿ, ಕೈಗೆ ಕೊಟ್ಟು, "ಸಾಹೇಬರ, ಬಾಜೂದಾಂವ ನಮ್ಮ ಬದು ಒತ್ಯಾನ. ಮ್ಯಾಲಿಂದ ಖರೆ ಕಾಣತೈತಿ, ಬರಕೋರಿ" ಎಂದ. ನಾನು ಸರ್ವೇದವನಲ್ಲ ಎಂದು ಹೇಳಬೇಕಿತ್ತು. ಆದರೆ ಸಾಹೇಬರ ಎಂದು ಕರೆಸಿಕೊಂಡ ಕಿವಿ ಬಿಡಲಿಲ್ಲ. "ನೋಡೂಣ" ಎಂದು ಗಂಭೀರವಾಗಿ ಹೇಳಿ ಜಾಗ ಖಾಲಿ ಮಾಡಿದೆ.

ಹೀಗೆ ಆಟಕ್ಕಿದ್ದ ಡ್ರೋನಿಗೆ ಒಂದು ದಿನ ನಿಜವಾದ ಕೆಲಸ ಬಂತು. ಶೋಭಾಳ ತವರು ಹುಕ್ಕೇರಿ ತಾಲೂಕಿನ ದಡ್ಡಿ. ಅವಳ ತಮ್ಮ ಮಲ್ಲುಗೆ ಮೇಲವಂಕಿಯಲ್ಲಿ ಸವಿತಾ ಎಂಬ ಹುಡುಗಿಯೊಂದಿಗೆ ಸಂಬಂಧ ಗೊತ್ತಾಗುವುದರಲ್ಲಿತ್ತು. ಫೋಟೋ ಕೊಟ್ಟು ತಂದು ಆಗಿತ್ತು. ಇನ್ನು ಹುಡುಗಿಯ ಕಡೆಯವರು ಬಂದು ಮನೆ ನೋಡಬೇಕು. ಆ ಮನೆಯಲ್ಲಿ ಕೊನೆಯ ಮಾತು ಹುಡುಗಿಯ ಆಯಿಯದು, ಅಂದರೆ ಅಜ್ಜಿಯದು. ಆಯಿಗೆ ಮೊಣಕಾಲು ನೋವು, ದಡ್ಡಿತನಕ ಬರಲಾರಳು. ಮನೆ ನೋಡದೆ ಹೂಂ ಅನ್ನುವವಳೂ ಅಲ್ಲ. "ಆಯಿಗೆ ನಾ ಮ್ಯಾಲಿಂದ ಮನಿ ತೋರಸ್ತೇನಿ, ಬಿಡ್ರಿ" ಎಂದು ನಾನು ಎಲ್ಲರೆದುರು ಹೇಳಿಬಿಟ್ಟೆ. ಮಲ್ಲುಗೆ ಅದಾಗಲೇ ಎರಡು ಸಂಬಂಧ ತಪ್ಪಿದ್ದವು. ಎರಡೂ ಕಡೆಯವರು ಹೇಳಿದ್ದು ಒಂದೇ ಮಾತು: ಮನೆ ಹೊಳೆಯ ಬಾಜೂ ಐತಿ.

ಹೊಳೆ ಬಾಜೂ ಇರುವುದೇನೋ ಖರೆ. ಕೆಲವು ವರ್ಷಗಳ ಹಿಂದೆ ಘಟಪ್ರಭೆ ಮನೆಯೊಳಗೇ ಬಂದಿದ್ದಳು. ನೀರು ಇಳಿದ ಮೇಲೆ ನನ್ನ ಮಾವ, ಅದು ಎಲ್ಲಿಯತನಕ ಏರಿತ್ತೋ ಅಲ್ಲಿ ಮುಂದಿನ ಗೋಡೆಯುದ್ದಕ್ಕೂ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದರು. ಸುಣ್ಣ ಬಳಿಯುವಾಗಲೂ ಅದನ್ನು ಮುಚ್ಚಗೊಡುವುದಿಲ್ಲ. "ಆ ಗೆರಿ ಒಂದು ಕಾಣಬಾರ್ದ ನೋಡ್ರಿ" ಎಂದು ಶೋಭಾ ನನಗೆ ಹತ್ತು ಸಲ ಹೇಳಿದ್ದಳು. ಆದರೆ ದಡ್ಡಿಗೆ ಹೋಗಿ ಹಾರಿಸಿದಾಗ, ಡ್ರೋನು ಬಾಗಿಲಿಗೆ ಇಳಿದು ಬರುವಾಗ ನನ್ನ ಅತ್ತೆ ಹೊರಗೆ ಬಂದು ನಗುವ ಚಿತ್ರ ಎಷ್ಟು ಚೆಂದ ಬಂದಿತ್ತೆಂದರೆ, ಅದನ್ನು ಬಿಡಲು ಮನಸ್ಸಾಗಲಿಲ್ಲ. ಅತ್ತೆಯ ಹಿಂದೆಯೇ ಗೆರೆ.

ಈಗ ಸಾಫ್ಟ್‌ವೇರ್ ಹುಡುಕುವ ಕೆಲಸ. ಮೊದಲನೆಯದನ್ನು ಗೋಕಾಕದ ಫೋಟೋ ಸ್ಟುಡಿಯೋದವರು ಹಾಕಿಕೊಟ್ಟರು. "ಸಿನಿಮಾದವ್ರು ವಾಪರ್ಸೂದರಿ ಇದು" ಎಂದರು. ಇರಬಹುದು. ಆದರೆ ಬಿಲ್ಲು ಮಾಡಲು ತಂದ ನನ್ನ ಹಳೆಯ ಕಂಪ್ಯೂಟರ್ ಅದನ್ನು ತೆರೆಯುವಷ್ಟರಲ್ಲಿ ನಾನೊಂದು ಕಿಟಕಿಗೆ ಗ್ರಿಲ್ಲು ಕೂರಿಸಿ ಬರುತ್ತಿದ್ದೆ. ತೆರೆದ ಮೇಲೆ ಅದರ ಫ್ಯಾನು ಗ್ರೈಂಡರ್ ಹಿಡಿದಂತೆ ಕೂಗುತ್ತಿತ್ತು. ಎರಡನೆಯದು ಮೊಬೈಲಿನದು, ಭಾರೀ ಪ್ರೀತಿಯ ಸ್ವಭಾವದ್ದು. ಎರಡು ತುಂಡು ಜೋಡಿಸಿದರೆ ಸಾಕು, ನಡುವೆ ಗುಲಾಬಿ ಉದುರಿಸುತ್ತಿತ್ತು. ಹೊಳೆ ಆದ ಮೇಲೆ ಕೊಟ್ಟಿಗೆ ಬರಬೇಕು ಎಂದು ಜೋಡಿಸಿದೆ. ದೊಡ್ಡದೊಂದು ಕೆಂಪು ಹಾರ್ಟ್ ಅರಳಿ, ಅದರೊಳಗಿಂದ ಅತ್ತೆಯ ಎಮ್ಮೆ ಮೆಲುಕು ಹಾಕುತ್ತ ಹೊರಬಂತು. ಮೂರನೆಯದು ಮತ್ತೆ ಕಂಪ್ಯೂಟರಿನದೇ, ಪುಕ್ಕಟೆಯದು, ಹಗುರ, ಹೇಳಿದ ಮಾತು ಕೇಳುವಂಥದು. ಚಿತ್ರದ ನಡುವೆ ಅಡ್ಡಡ್ಡ ತನ್ನ ಹೆಸರು ಬರೆದುಕೊಳ್ಳುತ್ತಿತ್ತು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ನಾನೂ ಪ್ರತಿ ಟ್ರ್ಯಾಲಿಯ ಹಿಂದೆ ನನ್ನ ಶಾಪಿನ ಹೆಸರು ಬರೆಯುತ್ತೇನೆ. ಮಾಡಿದವನು ಹೆಸರು ಹಾಕಿಕೊಂಡರೆ ಯಾರಿಗೇನು ತ್ರಾಸು?

ಅದರಲ್ಲೇ ಕೂತು ಕತ್ತರಿಸಿದೆ, ಜೋಡಿಸಿದೆ. ಎಲ್ಲಿ ಚಿತ್ರ ಜಿಗಿಯಿತೋ ಆ ತುಂಡನ್ನು ಕರುಣೆಯಿಲ್ಲದೆ ಕಿತ್ತೊಗೆದೆ. ಕೊನೆಗೆ ಎಕ್ಸ್‌ಪೋರ್ಟ್ ಎಂಬ ಗುಂಡಿ ಬಂತು. ನಮ್ಮ ಕಡೆಯ ಸಕ್ಕರೆ ಎಕ್ಸ್‌ಪೋರ್ಟ್ ಆಗುವುದು ನನಗೆ ಗೊತ್ತು, ಆದ್ದರಿಂದ ಸ್ವಲ್ಪ ಅನುಮಾನಿಸಿದೆ. ಶೋಭಾ, "ಒತ್ತರಿ, ನಮ್ಮವ್ವನೂ ಒಮ್ಮಿ ಫಾರಿನ್ ನೋಡ್ಲಿ" ಎಂದಳು. ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು. ಮನೆಯಲ್ಲಿ ಪಿಯುಸಿ ಆದವಳು ಅವಳೇ. ಹತ್ತಿರ ಬಂದು ಓದಿದಳು.

"ವಾಟರ್‌ಮಾರ್ಕ್ ತೆಗೀಬೇಕೇನು ಅಂತ ಕೇಳಾಕತ್ತೈತಿ."

"ಹಂಗಂದ್ರ?"

"ವಾಟರ್ ಅಂದ್ರ ನೀರು. ಮಾರ್ಕ್ ಅಂದ್ರ ಗುರುತು." ಇಬ್ಬರೂ ಪರದೆಯ ಮೇಲಿನ ಕೆಂಪು ಗೆರೆಯನ್ನು ನೋಡಿದೆವು.

"ಇದಕ್ಕ ಹೆಂಗ ಗೊತ್ತಾತು?" ಎಂದೆ.

"ಈಗಿನ ಮೊಬೈಲು ಮಾರಿ ನೋಡಿ ಗುರುತ ಹಿಡಿತಾವು. ಗ್ವಾಡಿ ನೋಡಿ ಹಿಡಿಯೂದೇನ ದೊಡ್ಡದು? ರೊಕ್ಕ ಕೇಳತೈತಿ, ಕೊಟ್ಟಬಿಡ್ರಿ. ತಮ್ಮನ ಬಾಳಿನ ಮಾತೈತಿ."

ಕೊಟ್ಟೆ. ಮುಗಿದ ಮೇಲೆ ಮೊಬೈಲಿಗೆ ಹಾಕಿ ನೋಡಿದೆವು. ಅಂಗೈಯಗಲದ ಪರದೆಯಲ್ಲಿ ಗೆರೆಯ ಸುಳಿವೇ ಇಲ್ಲ. ಮಾಡಿದವರ ಹೆಸರೂ ಹೋಗಿತ್ತು. ಗೆರೆ ಅಳಿಸುವ ಗಡಿಬಿಡಿಯಲ್ಲಿ, ಪಾಪ, ತಮ್ಮ ಹೆಸರನ್ನೂ ಅಳಿಸಿಕೊಂಡಿದ್ದಾರೆ ಎಂದು ನನಗೆ ಕೆಟ್ಟೆನಿಸಿತು.

ಮೇಲವಂಕಿಯಲ್ಲಿ ಆಯಿ ಟಿವಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಟಿವಿ ಎಂದರೆ ಸಣ್ಣದಲ್ಲ, ನಾನು ಮಾಡುವ ಕಿಟಕಿಗಳಿಗಿಂತ ದೊಡ್ಡದು. ಹುಡುಗಿಯ ಅಪ್ಪ ಪೆನ್‌ಡ್ರೈವ್ ಹಾಕಿದರು. ಹೊಳೆ ಬಂತು, ಕಬ್ಬು ಬಂತು, ಎಮ್ಮೆ ಈ ಸಲ ಮರ್ಯಾದೆಯಿಂದ ಕೊಟ್ಟಿಗೆಯಿಂದಲೇ ಬಂತು, ಮತ್ತೊಮ್ಮೆಯೂ ಬಂತು. ಕೊನೆಗೆ ಡ್ರೋನು ಬಾಗಿಲಿಗೆ ಇಳಿಯಿತು. ಗೋಡೆಯ ಈ ತುದಿಯಿಂದ ಆ ತುದಿಗೆ ಕೆಂಪು ಗೆರೆ ಧಗಧಗ ಅನ್ನುತ್ತಿತ್ತು.

"ತಡೀರಿ" ಎಂದಳು ಆಯಿ. "ಆ ಗೆರಿ ಏನದು?"

"ಬಣ್ಣದ ಪಟ್ಟಿ ರಿ ಆಯಿ, ಚೆಂದ ಕಾಣ್ಲಿ ಅಂತ" ಎಂದು ಶೋಭಾ ಹೇಳುವುದಕ್ಕೂ, "ಅದನ್ನ ರೊಕ್ಕ ಕೊಟ್ಟ ತೆಗಿಸಿದ್ನಲ್ಲರಿ" ಎಂದು ನಾನು ಹೇಳುವುದಕ್ಕೂ ಸರಿಹೋಯಿತು.

ಶೋಭಾ ನನ್ನ ಕಾಲು ತುಳಿದಳು. ತುಳಿಯುವ ಹೊತ್ತು ಮೀರಿತ್ತು.

"ಏನ ತೆಗಿಸಿದ್ಯೋ ತಮ್ಮಾ?" ಎಂದಳು ಆಯಿ.

ಹೇಳಿದೆ. ಹೊಳೆ, ಮಾವ, ಸಾಫ್ಟ್‌ವೇರು ಎಲ್ಲ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಸವಿತಾ ಸೆರಗು ಬಾಯಿಗೆ ಹಿಡಿದು, "ವಾಟರ್‌ಮಾರ್ಕ್ ಅಂದ್ರ ಅದಲ್ಲರಿ. ನಡಬರಕ ಅವರ ಹೆಸರ ಬರತೈತಲ್ಲ, ಅದು" ಎಂದಳು. ನನ್ನ ಮುಖ ಕಾದ ಕಬ್ಬಿಣದಂತಾಗಿತ್ತು. ಹುಡುಗಿಯ ಅಪ್ಪ ನಗಲಿಲ್ಲ. "ಅಂದ್ರ ಎದಿಮಟ ನೀರ ಬಂದಿತ್ತು" ಎಂದರು.

"ಬಂದಿತ್ರಿ. ವಾರಗಟ್ಲೆ ನಿಂತಿತ್ತು" ಎಂದೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಮಲ್ಲುಗೆ ಮೂರನೆಯ ಸಂಬಂಧವೂ ತಪ್ಪಿತು, ಅದೂ ನನ್ನ ಕೈಯಿಂದ, ಎಂದುಕೊಂಡೆ.

ಆಯಿ ಟಿವಿಯ ಕಡೆ ಬೆರಳು ಮಾಡಿದಳು. "ಆ ಗೆರಿ ಹೊಡದಾಂವ ಯಾರು?"

"ನಮ್ಮಪ್ಪ ರಿ" ಎಂದಳು ಶೋಭಾ, ಸಣ್ಣ ದನಿಯಲ್ಲಿ.

"ಶಾಣ್ಯಾ ಅದಾನ. ನೀರ ಮತ್ತ ಬಂದ್ರ ಯಾವಾಗ ಗಂಟ ಕಟ್ಟಬೇಕ ಅನ್ನೂದ ಅದನ್ನ ನೋಡಿದ್ರ ಗೊತ್ತಾಗತೈತಿ." ಮಗನ ಕಡೆ ತಿರುಗಿದಳು. "ವಾರಗಟ್ಲೆ ನೀರಾಗ ನಿಂತ್ರೂ ಗ್ವಾಡಿ ನಿಂತೈತಿ ನೋಡು. ನಮ್ಮದು ಒಂದ ಮಳಿಗೆ ಬಾಯಿ ಬಿಡತೈತಿ. ಮನಿ ನನಗ ಪಸಂದ ಐತಿ." ಶೋಭಾ ಉಸಿರು ಬಿಟ್ಟಳು. ಆಯಿ ಮುಗಿಸಿರಲಿಲ್ಲ. "ಹೊಳಿ ತೋರಿಸಿದಿ, ಹೊಲ ತೋರಿಸಿದಿ, ಎಮ್ಮಿ ಎರಡ ಸಲ ತೋರಿಸಿದಿ. ಹುಡುಗ ಎಲ್ಲಿ ಅದಾನೋ? ನಮ್ಮ ಸವಿತಾನ್ನ ಯಾರಿಗೆ ಕೊಡೂದು, ಎಮ್ಮಿಗೆ?"

ಆಗ ನೆನಪಾಯಿತು. ಮಲ್ಲು ಡ್ರೋನು ಕಂಡಾಗಲೆಲ್ಲ ಬಾಯಿ ತೆರೆದು ಆಕಾಶ ನೋಡುತ್ತಿದ್ದ, ಇಲ್ಲವೆ ಕೈ ಬೀಸುತ್ತಿದ್ದ. ಜೋಡಣೆ ಸರಿ ಕೂಡದೆ ಒಂದೊಂದೇ ತುಂಡು ಕತ್ತರಿಸಿದ್ದೆ. ಮದುಮಗನಾಗುವವನನ್ನು ಪೂರ್ತಿಯಾಗಿ ಕತ್ತರಿಸಿ ಒಗೆದಿದ್ದೆ.

ಮುಂದಿನ ಭಾನುವಾರ ಮಲ್ಲುವನ್ನೇ ಮೋಟರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮೇಲವಂಕಿಗೆ ಹೋದೆ, ಶೋಭಾ ಡ್ರೋನಿನ ಚೀಲ ಹಿಡಿದು ಬಸ್ಸಿಗೆ ಬಂದಳು. ಅವನು ಆಯಿಯ ಎದುರು ಕೂತು, ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಆಯಿ, "ನಡೀತೈತಿ" ಎಂದಳು. ಮಾತು ಮುಗಿಯಿತು ಎಂದು ನಾನು ಎದ್ದರೆ, ಆಯಿ ನನ್ನನ್ನು ಬಿಡಲಿಲ್ಲ. ನಡುಮನೆ ಸೋರುತ್ತದಂತೆ, ನನ್ನ ಹಾರುವ ಸಾಮಾನಿನಿಂದ ಯಾವ ಹಂಚು ಒಡೆದಿದೆ ನೋಡಬೇಕಂತೆ. ಹಾರಿಸಿದೆ, ಒಡೆದ ಹಂಚು ಕಂಡಿತು, ಬ್ಯಾಟರಿ ಮುಗಿಯಿತು. ಕಂಡರಾಯಿತೆ, ಬದಲಿಸುವವರು ಯಾರು? ಹುಡುಗಿಯ ಅಪ್ಪ ಏಣಿ ತಂದು ನನ್ನ ಮುಖ ನೋಡಿದರು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲವಲ್ಲ. ಹತ್ತಿದೆ.

ಮೇಲೆ ಹೋಗಿ ತಿರುಗಿ ನೋಡಿದರೆ, ಸಂಜೆಯ ಬಿಸಿಲು ಹೊಲದ ಮೇಲೆ ಅಡ್ಡ ಬಿದ್ದಿತ್ತು. ಹಿತ್ತಲಲ್ಲಿ ಮಲ್ಲು ಏನೋ ಹೇಳುತ್ತಿದ್ದ, ಸವಿತಾ ನೆಲ ನೋಡಿ ನಗುತ್ತಿದ್ದಳು. ಅವನು ಬಾಯಿ ತೆರೆದು ಆಕಾಶ ನೋಡುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ. ಒಂದು ಚೂರೂ ಕತ್ತರಿಸಬೇಕಿಲ್ಲದ ಚಿತ್ರ. ಡ್ರೋನು ಕೆಳಗೆ ಚೀಲದಲ್ಲಿ ಮಲಗಿತ್ತು, ಮೊಬೈಲು ಶೋಭಾಳ ಕೈಯಲ್ಲಿತ್ತು, ನನ್ನ ಎರಡೂ ಕೈಯಲ್ಲಿ ಹಂಚು.

ಕೆಳಗಿನಿಂದ ಆಯಿ ಕೂಗಿದಳು: "ಅಲ್ಲೇನ ನೋಡಾಕತ್ತೀಯೋ ತಮ್ಮಾ? ಹಂಚ ನೋಡು."